ಏನೂ ಹೇಳದಿದ್ದರೆ ಯಾವ ಪರಿಸರ? ಮೇವನ್ ಕುರಿತ ಒಂದು ಸಹಪಾಠಿ ಪಾಠದ ವರದಿ

ಗಣಕ ವಿಜ್ಞಾನ ಬೋಧನಾ ವಿಧಾನದ ಅಡಿಯಲ್ಲಿ ನಾನು ಕೊಟ್ಟ ಸಹಪಾಠಿ ಪಾಠಗಳಲ್ಲಿ ಒಂದನ್ನು ಇಲ್ಲಿ ವರದಿ ಮಾಡುತ್ತಿದ್ದೇನೆ. ವಿಷಯ: ಮೇವನ್ ಎಂಬ ಬಿಲ್ಡ್ ಉಪಕರಣದಲ್ಲಿ ಅಭಿವೃದ್ಧಿಯ ಪರಿಸರವನ್ನೂ ಪರೀಕ್ಷೆಯ ಪರಿಸರವನ್ನೂ ಡಿಫಾಲ್ಟ್ ಆಗಿ ಹೊಂದಿಸುವುದು. ವಿದ್ಯಾರ್ಥಿಗಳಾಗಿ ಕುಳಿತವರು 12 ಜನ ಪ್ರಶಿಕ್ಷಣಾರ್ಥಿಗಳು. ಎಲ್ಲರೂ ಬಿ.ಎಸ್ಸಿ.ಯಲ್ಲಿ ಜಾವಾ ಓದಿದವರೇ, ಆದರೆ 7 ಜನ ಮೇವನ್ ಹೆಸರನ್ನೇ ಕೇಳಿರಲಿಲ್ಲ. ಅವಧಿ 40 ನಿಮಿಷ. ಪಾಠವನ್ನು ಎರಡು ಸಲ ಕೊಡಬೇಕಾಯಿತು. ಆದೇಶಗಳನ್ನು ಕಪ್ಪುಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದೆ, ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇನೆ.

ಈ ವಿಷಯವನ್ನೇ ಏಕೆ ಆರಿಸಿದೆ

ಬೋಧನಾಭ್ಯಾಸಕ್ಕೆ ಹೋಗಿದ್ದ ಪ್ರೌಢಶಾಲೆಯಲ್ಲಿ 9ನೇ ತರಗತಿಯ ಗಣಿತಕ್ಕೆ ನಾನು 25 ಅಂಕಗಳ ಘಟಕ ಪರೀಕ್ಷೆ ಮಾಡಿದ್ದೆ. ನೀಲನಕ್ಷೆ, ಪ್ರಶ್ನೆಪತ್ರಿಕೆ, ಮಾದರಿ ಉತ್ತರ, ವಿಶ್ಲೇಷಣೆ ಎಲ್ಲವೂ ಆಗಬೇಕು ಎಂಬುದು ನಮಗೆಲ್ಲ ಗೊತ್ತಿರುವ ಕೆಲಸ. ಅಂಕ ವಿಶ್ಲೇಷಣೆಗೆ ಕೈಲೆಕ್ಕ ಬೇಡವೆಂದು ಜಾವಾದಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. 46 ಮಕ್ಕಳ ಅಂಕಗಳು ಒಂದು ಎಸ್‌ಕ್ಯೂಲೈಟ್ ಫೈಲಿನಲ್ಲಿ ಕೂತವು. ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಕೆಲವು ಟೆಸ್ಟ್‌ಗಳನ್ನೂ ಬರೆದೆ. ಪ್ರತಿ ಟೆಸ್ಟ್ ಶುರುವಾಗುವ ಮೊದಲು ಪಟ್ಟಿಯನ್ನು ಖಾಲಿ ಮಾಡಿ, ಮೂರು ಸುಳ್ಳು ಹೆಸರು ತುಂಬಿ, ಸರಾಸರಿ ಸರಿ ಬಂತೇ ಎಂದು ನೋಡುವ ಟೆಸ್ಟ್‌ಗಳು ಅವು.

ಮರುದಿನ ಶಾಲೆಯ ಗಣಕಯಂತ್ರದಲ್ಲಿ ತೋರಿಸಲೆಂದು ಪ್ರೋಗ್ರಾಂ ಕಟ್ಟಿಕೊಳ್ಳಲು ‘ಮೇವನ್ ಪ್ಯಾಕೇಜ್’ ಎಂದು ಕೊಟ್ಟೆ. ‘ಟೆಸ್ಟ್’ ಎಂಬ ಪದವನ್ನು ನಾನು ಟೈಪ್ ಮಾಡಿಯೇ ಇರಲಿಲ್ಲ. ಆದರೆ ಮೇವನ್‌ಗೆ ಒಂದು ಕ್ರಮವಿದೆ. ಕಂಪೈಲ್, ಟೆಸ್ಟ್, ಪ್ಯಾಕೇಜ್ ಎಂದು ಮೆಟ್ಟಿಲುಗಳಿದ್ದು, ಮೇಲಿನ ಮೆಟ್ಟಿಲು ಕೇಳಿದರೆ ಕೆಳಗಿನವನ್ನೆಲ್ಲ ಹತ್ತಿಯೇ ಹೋಗುತ್ತದೆ. ಟೆಸ್ಟ್‌ಗಳು ಓಡಿದವು. ಅವು ಯಾವ ಫೈಲನ್ನು ಖಾಲಿ ಮಾಡಬೇಕೆಂದು ನಾನು ಎಲ್ಲಿಯೂ ಬೇರೆಯಾಗಿ ಹೇಳಿರಲಿಲ್ಲ, ಹಾಗಾಗಿ ಮುಖ್ಯ ಪ್ರೋಗ್ರಾಂ ಬಳಸುವ ಫೈಲನ್ನೇ ಖಾಲಿ ಮಾಡಿದವು. ‘ಬಿಲ್ಡ್ ಸಕ್ಸೆಸ್’ ಎಂದು ಪರದೆಯ ಮೇಲೆ ಬಂತು. 46 ಮಕ್ಕಳ ಬದಲು ಮೂರು ಸುಳ್ಳು ಹೆಸರು ಉಳಿದಿದ್ದವು.

ಉತ್ತರ ಪತ್ರಿಕೆಗಳು ಇದ್ದವು, ಆದ್ದರಿಂದ ರಾತ್ರಿ ಕೂತು ಮತ್ತೆ ತುಂಬಿದೆ. ಆ ಅವಸರದಲ್ಲಿ ಒಬ್ಬ ಹುಡುಗಿಯ 21 ಅನ್ನು 12 ಎಂದು ಒತ್ತಿದೆ. ಉತ್ತರ ಪತ್ರಿಕೆ ಕೊಡುವ ಮೊದಲು ಅಂಕ ಓದಿ ಹೇಳಿದ್ದೇ ತಪ್ಪಾಯಿತು. ಅವಳು ಏನೂ ಕೇಳದೆ ತಲೆ ಬಗ್ಗಿಸಿ ಕೂತಳು. ಪತ್ರಿಕೆ ಕೈಗೆ ಬಂದ ಮೇಲೆ ಎದ್ದು ಬಂದು, “ಮಿಸ್, ಇದರಾಗ ಇಪ್ಪತ್ತೊಂದು ಅದರಿ” ಎಂದಳು. ಪಾಠದ ವಿಷಯ ಅಲ್ಲಿಯೇ ನಿಶ್ಚಯವಾಯಿತು.

ಮೊದಲ ಪಾಠ

ಮೊದಲ ಸಲ ನಾನು ವ್ಯಾಖ್ಯೆಯಿಂದ ಶುರು ಮಾಡಿದೆ: “ಪ್ರೋಗ್ರಾಂ ಓಡುವಾಗ ಅದರ ಸುತ್ತ ಇರುವ ಸೆಟ್ಟಿಂಗ್‌ಗಳ ಒಟ್ಟು ಮೊತ್ತವೇ ಪರಿಸರ.” ಪೂರ್ವಜ್ಞಾನ ಪರೀಕ್ಷಿಸಲು ‘ಪರಿಸರ’ ಎಂದರೇನು ಎಂದು ಕೇಳಿದ್ದೆ. ಗಿಡಮರ, ಗಾಳಿ, ನೀರು, ಜೂನ್ 5 ಎಂಬ ಉತ್ತರಗಳು ಬಂದವು. ‘ಡಿಫಾಲ್ಟ್’ ಎಂದರೆ? “ಸೊಸೈಟಿ ಸಾಲ ಕಟ್ಟದವ್ರಿಗಿ ಡಿಫಾಲ್ಟರ್ ಅಂತಾರಲ್ರಿ” ಎಂದರು ಒಬ್ಬರು. ನಗು ಬಂತು, ನಾನೂ ನಕ್ಕೆ, ಆದರೆ ಯೋಜನೆಯಲ್ಲಿ ಇದಕ್ಕೆ ಜಾಗವಿಲ್ಲವೆಂದು ಮುಂದೆ ಹೋದೆ. ನಾನು ಮುಂದೆ ಹೋದರೂ ತರಗತಿ ಅಲ್ಲಿಯೇ ಉಳಿಯಿತು. ಪಾಠ ವೀಕ್ಷಿಸಿದ ಮೇಡಂ ಅವರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದರು: ಎರಡು ಪದಗಳಿಗೂ ಅವರಲ್ಲಿ ಅರ್ಥವಿತ್ತು, ನೀವು ಅದನ್ನು ಬಳಸಲಿಲ್ಲ.

ಎರಡನೆಯ ಪಾಠ

ಮರುಯೋಜನೆಯಲ್ಲಿ ‘ಡಿಫಾಲ್ಟ್’ ಪದಕ್ಕೆ ಖಾನಾವಳಿಯನ್ನು ತಂದೆ. ಸೇಡಂನ ಖಾನಾವಳಿಯಲ್ಲಿ ಕೂತು “ಊಟ ಕೊಡ್ರಿ” ಎಂದರೆ ಮೊದಲು ಏನು ಬರುತ್ತದೆ? ಜೋಳದ ರೊಟ್ಟಿ. ರೊಟ್ಟಿ ಎಂದು ನಾವು ಹೇಳಿದೆವೇ? ಇಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಅದೇ ಮಾತು ಹೇಳಿದರೆ? ಅನ್ನ, ಸಾಂಬಾರು. ಏನೂ ಹೇಳದಿದ್ದಾಗ ಬರುವುದು ಡಿಫಾಲ್ಟ್. ಅದನ್ನು ಯಾರೋ ಮೊದಲೇ ತೀರ್ಮಾನಿಸಿ ಇಟ್ಟಿರುತ್ತಾರೆ, ಊರು ಬದಲಾದರೆ ಅದೂ ಬದಲಾಗುತ್ತದೆ. ಇದಕ್ಕೆ ನಾಲ್ಕು ನಿಮಿಷ ಸಾಕಾಯಿತು.

‘ಪರಿಸರ’ಕ್ಕೆ ಸಿಮೆಂಟ್ ಹಿಡಿದೆ. ವಾಡಿ, ಮಳಖೇಡ, ಸೇಡಂ ಎಂದರೆ ಸಿಮೆಂಟ್. ತರಗತಿಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ಯಾರಾದರೊಬ್ಬರು ಕಾರ್ಖಾನೆಗೆ ಹೋಗುವವರೇ. ನಮ್ಮ ಕಾಕಾ ಕಾರ್ಖಾನೆಯ ಲ್ಯಾಬಿನಲ್ಲಿ ಇದ್ದವರು, ಅವರಿಂದ ಕೇಳಿಕೊಂಡು ಹೋಗಿದ್ದೆ. ಸಿಮೆಂಟಿನ ಬಲ ನೋಡಲು ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಪ್ರಮಾಣಿತ ಮರಳು ಹಾಕಿ, ಬದಿಗೆ 70.6 ಮಿ.ಮೀ. ಇರುವ ಗಟ್ಟಿಗಳನ್ನು ಮಾಡುತ್ತಾರೆ. ಮರಳು ಇಲ್ಲಿಯದಲ್ಲ, ತಮಿಳುನಾಡಿನ ಎಣ್ಣೂರಿನದು. ಒಂದು ದಿನದ ಬಳಿಕ ಅಚ್ಚಿನಿಂದ ತೆಗೆದು ನೀರಿನಲ್ಲಿ ಮುಳುಗಿಸಿಡುತ್ತಾರೆ. ಆ ನೀರು 27 ಡಿಗ್ರಿ ಸೆಲ್ಸಿಯಸ್ ಇರಬೇಕು, ಹೆಚ್ಚೆಂದರೆ 2 ಡಿಗ್ರಿ ಆಚೀಚೆ. 3, 7 ಮತ್ತು 28ನೇ ದಿನ ಯಂತ್ರಕ್ಕೆ ಕೊಟ್ಟು ಪುಡಿಯಾಗುವವರೆಗೆ ಒತ್ತುತ್ತಾರೆ. 43 ದರ್ಜೆಯ ಸಿಮೆಂಟ್ ಆದರೆ 28ನೇ ದಿನ ಕನಿಷ್ಠ 43 ಮೆಗಾಪಾಸ್ಕಲ್ ತಡೆಯಬೇಕು.

ಇಲ್ಲಿ ನಾನು ಕೇಳಿದ ಪ್ರಶ್ನೆಗಳು ಎರಡು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ತೊಟ್ಟಿಯ ನೀರನ್ನು 27ಕ್ಕೇ ಏಕೆ ಹಿಡಿದಿಡಬೇಕು? ಮತ್ತು, ಗಟ್ಟಿಯನ್ನೇ ಏಕೆ ಒಡೆಯಬೇಕು, ಕಟ್ಟಿದ ಮನೆಯ ಗೋಡೆಯನ್ನು ಒಡೆದು ನೋಡಬಾರದೇ?

ಮೊದಲನೆಯದಕ್ಕೆ ಶಹಾಬಾದಿನಿಂದ ಬರುವ ಸಹಪಾಠಿ ಉತ್ತರ ಕೊಟ್ಟರು: “ಬ್ಯಾಸಗ್ಯಾಗ ಒಂದು ಉತ್ತರ, ಥಂಡ್ಯಾಗ ಒಂದು ಉತ್ತರ ಬಂದ್ರ ಸಿಮೆಂಟ್ ಕೆಟ್ಟದೋ ಹವಾ ಕೆಟ್ಟದೋ ಗೊತ್ತಾಗಂಗಿಲ್ಲ.” ಎರಡನೆಯದಕ್ಕೆ ಉತ್ತರ ಬೇಕಾಗಲೇ ಇಲ್ಲ, ಎಲ್ಲರೂ ನಕ್ಕರು. ಆಗ ನನ್ನ 46 ಮಕ್ಕಳ ಕಥೆ ಹೇಳಿದೆ. ನಾನು ಮಾಡಿದ್ದು ಅದನ್ನೇ: ಪರೀಕ್ಷೆಯ ಗಟ್ಟಿ ಮಾಡದೆ ಮನೆಯ ಗೋಡೆಗೆ ಯಂತ್ರ ಹಚ್ಚಿದ್ದೆ. ಒಂದೇ ಚೀಲದ ಸಿಮೆಂಟು, ಆದರೆ ಪರೀಕ್ಷೆಗೆ ಬೇರೆ ನೀರು, ಬೇರೆ ಮರಳು, ಬೇರೆ ತೊಟ್ಟಿ. ಪ್ರೋಗ್ರಾಂ ಒಂದೇ, ಸುತ್ತಲಿನ ಸೆಟ್ಟಿಂಗ್‌ಗಳು ಬೇರೆ.

ಮೇವನ್ ಈ ತೊಟ್ಟಿಗೆ ಜಾಗವನ್ನು ಮೊದಲೇ ಬಿಟ್ಟಿದೆ. ಅದರ ಪದ್ಧತಿಯಲ್ಲಿ ಪ್ರೋಗ್ರಾಂನ ಸೆಟ್ಟಿಂಗ್ ಫೈಲುಗಳಿಗೆ ‘ಮೇನ್’ ಕೆಳಗಿನ ‘ರಿಸೋರ್ಸಸ್’ ಫೋಲ್ಡರ್, ಪರೀಕ್ಷೆಯವುಗಳಿಗೆ ‘ಟೆಸ್ಟ್’ ಕೆಳಗಿನ ‘ರಿಸೋರ್ಸಸ್’ ಫೋಲ್ಡರ್. ಟೆಸ್ಟ್‌ಗಳು ಓಡುವಾಗ ಹುಡುಕುವ ದಾರಿಯಲ್ಲಿ ಪರೀಕ್ಷೆಯ ಫೋಲ್ಡರನ್ನು ಮುಂದೆ, ಮುಖ್ಯ ಫೋಲ್ಡರನ್ನು ಹಿಂದೆ ಇಡುತ್ತದೆ. ಜಾವಾ ಮೊದಲು ಸಿಕ್ಕ ಫೈಲನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಹೆಸರಿನ ಸೆಟ್ಟಿಂಗ್ ಫೈಲ್ ಇಟ್ಟರೆ, ಆದೇಶದಲ್ಲಿ ಏನೂ ಹೇಳದೆಯೇ ಟೆಸ್ಟ್‌ಗಳಿಗೆ ಪರೀಕ್ಷೆಯದು ಸಿಗುತ್ತದೆ. ಪರೀಕ್ಷೆಯ ಫೈಲಿನಲ್ಲಿ ದತ್ತಾಂಶದ ವಿಳಾಸವನ್ನು ‘ಮೆಮೊರಿ’ ಎಂದು ಕೊಟ್ಟೆ. ಅದು ಯಂತ್ರದ ಸ್ಮೃತಿಯಲ್ಲೇ ಹುಟ್ಟಿ ಅಲ್ಲೇ ಅಳಿಯುತ್ತದೆ, ಒಡೆದ ಗಟ್ಟಿಯ ಹಾಗೆ. ತರಗತಿಯ ಮುಂದೆಯೇ ‘ಮೇವನ್ ಪ್ಯಾಕೇಜ್’ ಓಡಿಸಿ ಅಂಕಗಳ ಫೈಲನ್ನು ತೆರೆದು ತೋರಿಸಿದೆ. 46 ಸಾಲುಗಳೂ ಇದ್ದವು.

ಆಗ ಹಿಂದಿನ ಬೆಂಚಿನಿಂದ ನಾನು ಯೋಜನೆಯಲ್ಲಿ ಬರೆಯದ ಪ್ರಶ್ನೆ ಬಂತು: “ಅಕ್ಕಾ, ಹೆಸರಿನಾಗ ಒಂದಕ್ಷರ ತಪ್ಪಿದ್ರ?” ತಪ್ಪಿದರೆ ಜಾವಾ ಪರೀಕ್ಷೆಯ ಫೋಲ್ಡರಿನಲ್ಲಿ ಫೈಲ್ ಕಾಣದೆ, ಯಾವ ಎಚ್ಚರಿಕೆಯನ್ನೂ ಕೊಡದೆ ಮುಖ್ಯ ಫೋಲ್ಡರಿಗೆ ಹೋಗುತ್ತದೆ. ಅಂದರೆ ಮತ್ತೆ ಗೋಡೆಗೆ ಯಂತ್ರ. ಮುಂದೆ ಕಲಿಸಬೇಕಿದ್ದ ಪ್ರೊಫೈಲ್ ಭಾಗಕ್ಕೆ ಈ ಪ್ರಶ್ನೆಗಿಂತ ಒಳ್ಳೆಯ ಪೀಠಿಕೆ ನನ್ನ ಬಳಿ ಇರಲಿಲ್ಲ. ಮುಖ್ಯ ಫೋಲ್ಡರಿನ ಫೈಲಿನಲ್ಲಿಯೂ ನಿಜವಾದ ಅಂಕಗಳ ವಿಳಾಸ ಇರಬಾರದು, ಅಭ್ಯಾಸದ ನಕಲಿನ ವಿಳಾಸ ಇರಬೇಕು. ನಿಜವಾದದ್ದು ಬೇಕಾದರೆ ಹೆಸರು ಹಿಡಿದು ಕೇಳಬೇಕು. ಇದಕ್ಕೆ ಮೇವನ್‌ನ ಪಾಮ್ ಫೈಲಿನಲ್ಲಿ ಪ್ರೊಫೈಲ್‌ಗಳನ್ನು ಬರೆಯಬಹುದು: ಒಂದು ‘ಅಭ್ಯಾಸ’, ಒಂದು ‘ಶಾಲೆ’. ಸೆಟ್ಟಿಂಗ್ ಫೈಲಿನಲ್ಲಿ ವಿಳಾಸದ ಜಾಗದಲ್ಲಿ ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದೊಳಗೆ ಒಂದು ಹೆಸರು ಇಟ್ಟು, ಫಿಲ್ಟರಿಂಗ್ ಚಾಲೂ ಮಾಡಿದರೆ, ಕಟ್ಟುವಾಗ ಮೇವನ್ ಅಲ್ಲಿ ಪ್ರೊಫೈಲಿನ ಬೆಲೆ ತುಂಬುತ್ತದೆ. ಆದೇಶದ ಕೊನೆಗೆ ‘ಪಿ’ ಆಯ್ಕೆಯೊಂದಿಗೆ ‘ಶಾಲೆ’ ಎಂದರೆ ಶಾಲೆಯದು, ಏನೂ ಹೇಳದಿದ್ದರೆ ಅಭ್ಯಾಸದ್ದು.

‘ಏನೂ ಹೇಳದಿದ್ದರೆ’ ಎಂಬುದಕ್ಕೆ ಮೇವನ್‌ನಲ್ಲಿ ‘ಆಕ್ಟಿವ್ ಬೈ ಡಿಫಾಲ್ಟ್’ ಎಂಬ ಗುರುತು ಇದೆ. ಹೆಸರು ನೋಡಿದರೆ ಇದೇ ಸರಿ ಅನಿಸುತ್ತದೆ. ನಾನೂ ಹಾಗೆಯೇ ‘ಅಭ್ಯಾಸ’ಕ್ಕೆ ಆ ಗುರುತು ಹಾಕಿ, ಬೇಕೆಂದೇ ಮೂರನೆಯ ಪ್ರೊಫೈಲ್ ಒಂದನ್ನು ಸೇರಿಸಿದೆ: ‘ವರದಿ’. ಅದರ ಕೆಲಸ ಅಂಕಪಟ್ಟಿಯನ್ನು ಮುದ್ರಣಕ್ಕೆ ಸಿದ್ಧ ಮಾಡುವುದಷ್ಟೇ, ವಿಳಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ‘ವರದಿ’ ಎಂದು ಕೇಳಿ ಓಡಿಸಿದೆ. ಅಭ್ಯಾಸದ ನಕಲು ತೆರೆಯಲಿಲ್ಲ. ಫೋಲ್ಡರಿನಲ್ಲಿ ಹೊಸ ಖಾಲಿ ಫೈಲೊಂದು ಹುಟ್ಟಿತ್ತು, ಅದರ ಹೆಸರಿನಲ್ಲಿ ಡಾಲರ್ ಚಿಹ್ನೆ, ಪುಷ್ಪಾವರಣ ಎಲ್ಲ ಹಾಗೆಯೇ ಇದ್ದವು!

ಕಾರಣ ಹುಡುಕಲು ಗುಂಪುಗಳಿಗೆ ಐದು ನಿಮಿಷ ಕೊಟ್ಟೆ, ಸುಳಿವಾಗಿ ‘ಹೆಲ್ಪ್ ಆಕ್ಟಿವ್ ಪ್ರೊಫೈಲ್ಸ್’ ಎಂಬ ಆದೇಶವನ್ನು ಹಲಗೆಯ ಮೇಲೆ ಬರೆದೆ. ಆಗ ಚಾಲೂ ಇರುವ ಪ್ರೊಫೈಲ್‌ಗಳನ್ನು ಅದು ತೋರಿಸುತ್ತದೆ. ಪಟ್ಟಿಯಲ್ಲಿ ‘ವರದಿ’ ಮಾತ್ರ ಇತ್ತು, ‘ಅಭ್ಯಾಸ’ ಇರಲಿಲ್ಲ. ಮೇವನ್‌ನ ನಿಯಮವೇ ಹಾಗೆ: ಅದೇ ಪಾಮ್ ಫೈಲಿನ ಬೇರೆ ಯಾವುದೇ ಪ್ರೊಫೈಲ್ ಚಾಲೂ ಆದರೆ ‘ಆಕ್ಟಿವ್ ಬೈ ಡಿಫಾಲ್ಟ್’ ಗುರುತಿನವು ತಾವಾಗಿ ಹಿಂದೆ ಸರಿಯುತ್ತವೆ. ಚಿಂಚೋಳಿಯ ಸಹಪಾಠಿ ಇದನ್ನು ಖಾನಾವಳಿಗೆ ಒಯ್ದರು: “ಊಟದ ಜೋಡಿ ಒಂದು ಮಿರ್ಚಿ ಕೊಡ್ರಿ ಅಂದ್ರ, ಮಿರ್ಚಿ ಅಷ್ಟೇ ತಂದಿಟ್ಟು ರೊಟ್ಟಿ ಒಯ್ದಂಗಾತು.” ಪಾಠದುದ್ದಕ್ಕೂ ನಾನು ಕೊಟ್ಟ ಯಾವ ಉದಾಹರಣೆಗಿಂತಲೂ ಇದು ಚೆನ್ನಾಗಿತ್ತು. ಹಲಗೆಯ ಮೇಲೆ ಅದನ್ನೇ ಬರೆದೆ.

ಪರಿಹಾರ ಸರಳ. ಅಭ್ಯಾಸದ ಬೆಲೆಗಳನ್ನು ಪ್ರೊಫೈಲಿನಲ್ಲಿ ಇಡದೆ ಪಾಮ್ ಫೈಲಿನ ಸಾಮಾನ್ಯ ‘ಪ್ರಾಪರ್ಟೀಸ್’ ಭಾಗದಲ್ಲಿ ಇಡಬೇಕು. ಅಲ್ಲಿರುವುದು ಯಾವಾಗಲೂ ಇರುತ್ತದೆ, ‘ಶಾಲೆ’ ಪ್ರೊಫೈಲ್ ಚಾಲೂ ಆದಾಗ ಮಾತ್ರ ಅದರ ಬೆಲೆ ಇದರ ಮೇಲೆ ಕೂರುತ್ತದೆ. ಒಂದು ಗುಣಲಕ್ಷಣವನ್ನು ಆದೇಶದಲ್ಲಿ ಕೊಡದಿದ್ದಾಗ ಮಾತ್ರ ಚಾಲೂ ಆಗುವಂತೆ, ಹೆಸರಿನ ಮುಂದೆ ಆಶ್ಚರ್ಯಸೂಚಕ ಹಾಕಿ ಬರೆಯುವ ವಿಧಾನವೂ ಉಂಟು. ಸಮಯ ಸಾಲದೆ ಅದನ್ನು ಹೇಳಿ ಬಿಟ್ಟೆ, ತೋರಿಸಲಿಲ್ಲ.

ಮೌಲ್ಯಮಾಪನ

ಕೊನೆಗೆ ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯಿಸಿದೆ: “ಒಬ್ಬರು ಪರೀಕ್ಷೆಯ ಫೋಲ್ಡರಿನಲ್ಲಿ ಸೆಟ್ಟಿಂಗ್ ಫೈಲ್ ಇಡಲು ಮರೆತು, ‘ಶಾಲೆ’ ಪ್ರೊಫೈಲ್ ಕೊಟ್ಟು ‘ಮೇವನ್ ಪ್ಯಾಕೇಜ್’ ಓಡಿಸಿದರು. ಅಂಕಗಳಿಗೆ ಏನಾಗುತ್ತದೆ, ಏಕೆ?” 12ರಲ್ಲಿ 8 ಜನ ಅಂಕಗಳು ಅಳಿಯುತ್ತವೆ ಎಂದು ಕಾರಣ ಸಹಿತ ಬರೆದರು. ಮೂವರು, ಟೆಸ್ಟ್ ಎಂದು ಕೇಳಿಲ್ಲವಾದ್ದರಿಂದ ಏನೂ ಆಗುವುದಿಲ್ಲ ಎಂದರು. ಪ್ಯಾಕೇಜ್ ಮೆಟ್ಟಿಲಿನ ಕೆಳಗೆ ಟೆಸ್ಟ್ ಮೆಟ್ಟಿಲಿದೆ ಎಂಬುದನ್ನು ನನ್ನ ಕಥೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದೆನೇ ಹೊರತು ಹಲಗೆಯ ಮೇಲೆ ಬರೆದಿರಲಿಲ್ಲ, ತಪ್ಪು ಅಲ್ಲಿಯದೇ. ಮುಂದಿನ ಯೋಜನೆಯಲ್ಲಿ ಮೆಟ್ಟಿಲಿನ ಚಿತ್ರವನ್ನು ಚಾರ್ಟಿನಲ್ಲಿ ಬರೆದು ಪಾಠ ಮುಗಿಯುವವರೆಗೂ ಗೋಡೆಯ ಮೇಲೆ ತೂಗುಹಾಕುತ್ತೇನೆ.

ಉಳಿದ ಒಬ್ಬರ ಚೀಟಿಯಲ್ಲಿ ಉತ್ತರವಿರಲಿಲ್ಲ, ಪ್ರಶ್ನೆಯಿತ್ತು. ಸೂಕ್ಷ್ಮ ಬೋಧನೆಯಲ್ಲಿ 6 ನಿಮಿಷದ ಪಾಠ, 6 ನಿಮಿಷದ ಹಿಮ್ಮಾಹಿತಿ, 12 ನಿಮಿಷದ ಮರುಯೋಜನೆ, ಮತ್ತೆ 6 ಮತ್ತು 6, ಒಟ್ಟು 36 ನಿಮಿಷ ನಮ್ಮ ಮೇಲೆ ನಾವೇ ಪ್ರಯೋಗ ಮಾಡಿಕೊಳ್ಳುತ್ತೇವಲ್ಲ, ಅದು ಟೆಸ್ಟ್ ಪರಿಸರವೋ ಅಭ್ಯಾಸದ ಪರಿಸರವೋ ಎಂದು ಕೇಳಿದ್ದರು. ಚೀಟಿಯನ್ನು ಮೇಡಂ ಅವರಿಗೆ ತೋರಿಸಿದೆ. “ಮುಂದಿನ ವಾರದ ಚರ್ಚೆಗೆ ಇಟ್ಕೋರಿ” ಎಂದರು.