ಕನ್ನಡ ಚಲನಚಿತ್ರದ ಪಾತ್ರಗಳಲ್ಲಿ ಅಂಗಚೇಷ್ಟೆ: ಶಿವಮೊಗ್ಗ ಸೀಮೆಯ ಕಥನಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ’ ಎಂಬುದು ಕನ್ನಡದ ಪ್ರಸಿದ್ಧ ಗಾದೆ. ಬಾಯಿ ಮುಚ್ಚಿಟ್ಟ ಸತ್ಯವನ್ನು ಕೈ ತನಗೆ ಅರಿವಿಲ್ಲದಂತೆ ಹೊರಗೆಡಹುತ್ತದೆ ಎಂಬ ಲೋಕಾನುಭವ ಇದರ ಹಿಂದಿದೆ. ಉಗುರು ಕಚ್ಚುವುದು, ಕುಳಿತಲ್ಲಿ ಕಾಲು ಕುಣಿಸುವುದು, ಬೆರಳಿನ ನೆಟಿಗೆ ಮುರಿಯುವುದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುವುದು ಮೊದಲಾದ ಚೇಷ್ಟೆಗಳನ್ನು ಮನೆಯ ಹಿರಿಯರು ‘ಕೆಟ್ಟ ಚಾಳಿ’ ಎಂದು ಗದರಿಸುತ್ತಾರೆ. ನಿತ್ಯಜೀವನದಲ್ಲಿ ಗದರಿಕೆಗೆ ಒಳಗಾಗುವ ಇದೇ ಚೇಷ್ಟೆ ಚಲನಚಿತ್ರದಲ್ಲಿ ಪಾತ್ರನಿರ್ಮಾಣದ ಬಹುಮುಖ್ಯ ಸಾಧನವಾಗಿರುವುದು ಗಮನಾರ್ಹ. ಕನ್ನಡ ಚಲನಚಿತ್ರವನ್ನು ಕುರಿತ ಅಧ್ಯಯನಗಳು ಕಥೆ, ಸಂಭಾಷಣೆ, ಹಾಡು ಇವುಗಳಿಗೆ ಕೊಟ್ಟಷ್ಟು ಗಮನವನ್ನು ಅಂಗಚೇಷ್ಟೆಗೆ ಕೊಟ್ಟಿಲ್ಲ. ಪಾತ್ರವೊಂದರ ಚೇಷ್ಟೆಯನ್ನು ಹೇಗೆ ಓದಬೇಕು, ಹಾಗೆ ಓದುವ ಅಧಿಕಾರ ಯಾರದು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ.

ಈ ವಿವೇಚನೆಗೆ ಶಿವಮೊಗ್ಗ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಶಿವಮೊಗ್ಗದಿಂದ ಆಯನೂರಿನ ಮೂಲಕ ಸಾಗರಕ್ಕೆ ಸಾಗುವ ರಸ್ತೆ ಸಾಹಿತ್ಯ ಮತ್ತು ಸಿನಿಮಾ ಎರಡಕ್ಕೂ ಪರಿಚಿತವಾದ ದಾರಿ. ‘ದ್ವೀಪ’ ಕಾದಂಬರಿಯ ಕರ್ತೃ ನಾ. ಡಿಸೋಜ ಸಾಗರದವರು. ಅಲ್ಲಿಗೆ ಸಮೀಪದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿರಿಸಿತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಯು.ಆರ್. ಅನಂತಮೂರ್ತಿ, ಅದೇ ತಾಲ್ಲೂಕಿನ ಕೆಸಲೂರಿನಲ್ಲಿ ಗಿರೀಶ ಕಾಸರವಳ್ಳಿ, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ ಪಿ. ಲಂಕೇಶ್ ಜನಿಸಿದರು. ಕನ್ನಡದ ಹೊಸ ಅಲೆಯ ಚಿತ್ರಗಳಲ್ಲಿ ಹಲವು ಈ ಸೀಮೆಯ ಕಥನಗಳಿಂದ ಹುಟ್ಟಿದವು. ಅವುಗಳಲ್ಲಿ ಬಹುಪಾಲು ಒಳಮಾತಿನ ಕಥನಗಳು. ಪಾತ್ರದ ಮನಸ್ಸಿನೊಳಗೆ ನಡೆಯುವ ಮಾತನ್ನು ತೆರೆಯ ಮೇಲೆ ತರುವ ಸಮಸ್ಯೆ ಎದುರಾದಾಗ ನಿರ್ದೇಶಕನಿಗೆ ಉಳಿಯುವ ಪ್ರಮುಖ ಆಸರೆ ದೇಹ.

1. ಅಭಿನಯ ಪರಂಪರೆಯ ನೆಲೆ

ಭಾರತೀಯ ನಾಟ್ಯಮೀಮಾಂಸೆಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಭರತನ ‘ನಾಟ್ಯಶಾಸ್ತ್ರ’ವು ಆಂಗಿಕದಲ್ಲಿ 24 ಅಸಂಯುತ ಹಸ್ತಗಳನ್ನೂ 13 ಸಂಯುತ ಹಸ್ತಗಳನ್ನೂ ಹೆಸರಿಸುತ್ತದೆ. ಇವು ನಟ ಮತ್ತು ಪ್ರೇಕ್ಷಕ ಇಬ್ಬರೂ ಅರಿತ ಸಂಕೇತಗಳು. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂಬ ಎಂಟು ಸಾತ್ತ್ವಿಕ ಭಾವಗಳ ಸ್ವರೂಪವೇ ಬೇರೆ. ಬೆವರುವುದು, ನಡುಗುವುದು, ಮುಖ ಬಿಳಚಿಕೊಳ್ಳುವುದು ಇವು ವ್ಯಕ್ತಿಯ ಇಚ್ಛೆಗೆ ಒಳಪಟ್ಟವಲ್ಲ. ನಟನಲ್ಲಿ ಇವು ಮನಸ್ಸಿನ ಏಕಾಗ್ರತೆಯಿಂದ ಹುಟ್ಟಬೇಕೆಂದು ಭರತನು ಹೇಳುತ್ತಾನೆ.

ಚಲನಚಿತ್ರದ ಅಂಗಚೇಷ್ಟೆ ಈ ಎರಡರ ನಡುವೆ ನಿಲ್ಲುತ್ತದೆ. ಉಗುರು ಕಚ್ಚುವವನ ಕೈ ಚಲಿಸುವುದರಿಂದ ಅದು ಆಂಗಿಕ. ಆದರೆ ಅವನು ಅದನ್ನು ಯಾರಿಗೂ ಏನನ್ನೂ ಹೇಳಲೆಂದು ಮಾಡುತ್ತಿಲ್ಲವಾದ್ದರಿಂದ ಸಾತ್ತ್ವಿಕಕ್ಕೂ ಸಮೀಪದ್ದು. ರಂಗಭೂಮಿಯಲ್ಲಿ ಇಂತಹ ಸಣ್ಣ ಚಲನೆ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕಾಣುವುದಿಲ್ಲ. ಯಕ್ಷಗಾನದಲ್ಲಂತೂ ವೇಷ, ಕುಣಿತ, ಮಾತುಗಾರಿಕೆಗಳ ವೈಭವದಲ್ಲಿ ಅದಕ್ಕೆ ಎಡೆಯಿಲ್ಲ. ಬೆರಳ ತುದಿಯನ್ನು ತೆರೆಯಗಲ ಹಿಗ್ಗಿಸಬಲ್ಲ ಸಮೀಪಚಿತ್ರಿಕೆಯಿಂದಾಗಿ ಈ ಚೇಷ್ಟೆಗೆ ಅರ್ಥಭಾರ ಪ್ರಾಪ್ತವಾಯಿತು.

2. ಮೂರು ಬಗೆಗಳು

ಚಿತ್ರದ ಪಾತ್ರಗಳಲ್ಲಿ ಕಾಣುವ ಅಂಗಚೇಷ್ಟೆಗಳನ್ನು ಅಧ್ಯಯನದ ಅನುಕೂಲಕ್ಕಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನಟಮುದ್ರೆ. ಇದು ಪಾತ್ರಕ್ಕಿಂತ ನಟನಿಗೆ ಸೇರಿದ್ದು. ಚಿತ್ರದಿಂದ ಚಿತ್ರಕ್ಕೆ ನಟನೊಡನೆಯೇ ಪಯಣಿಸುತ್ತದೆ. ವಿಷ್ಣುವರ್ಧನ್ ತಮ್ಮ ಕೈಯ ಕಡಗವನ್ನು ತಿರುವುವ ರೀತಿ ಇದಕ್ಕೆ ಉತ್ತಮ ನಿದರ್ಶನ. ಪಾತ್ರ ಪೊಲೀಸನದಾಗಲಿ ಜಮೀನ್ದಾರನದಾಗಲಿ, ಕಡಗದ ಮೇಲೆ ಕೈ ಹೋದೊಡನೆ ಪ್ರೇಕ್ಷಕ ಗುರುತಿಸುವುದು ವಿಷ್ಣುವರ್ಧನರನ್ನೇ. ತಮಿಳು ಚಿತ್ರಗಳಲ್ಲಿ ರಜನೀಕಾಂತ್ ಸಿಗರೇಟನ್ನು ಗಾಳಿಗೆ ಚಿಮ್ಮಿ ಬಾಯಲ್ಲಿ ಹಿಡಿಯುವುದೂ ಇದೇ ಬಗೆಯದು. ನಟಮುದ್ರೆ ಪ್ರೇಕ್ಷಕನೊಡನೆ ಮಾಡಿಕೊಂಡ ಒಪ್ಪಂದದಂತಿದ್ದು, ಅದರಲ್ಲಿ ಅಳುಕಿಗೆ ಅವಕಾಶವಿಲ್ಲ.

ಎರಡನೆಯದು ಪಾತ್ರಮುದ್ರೆ. ಇದು ಒಂದು ಪಾತ್ರವನ್ನು ಇತರ ಪಾತ್ರಗಳಿಂದ ಬೇರ್ಪಡಿಸುವ ಗುರುತು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದ ರಾಮಾಚಾರಿಯ ಸೆಟೆದ ನಿಲುವು ಮತ್ತು ಹಠಾತ್ತನೆ ಎರಗುವ ಸಿಟ್ಟು ಶೀರ್ಷಿಕೆಯ ರೂಪಕವನ್ನೇ ಮೈಯಲ್ಲಿ ತೋರುತ್ತವೆ. ಅದೇ ಹುಡುಗ ಚಾಮಯ್ಯ ಮೇಷ್ಟರ ಮುಂದೆ ತಗ್ಗುತ್ತಾನೆ. ಇಲ್ಲಿಯ ನಟರೂ ವಿಷ್ಣುವರ್ಧನರೇ. ಆದರೆ ರಾಮಾಚಾರಿಯ ಸೆಟೆತ ರಾಮಾಚಾರಿಗೇ ಸೇರಿದ್ದು. ಒಬ್ಬನೇ ನಟನಲ್ಲಿ ನಟಮುದ್ರೆ, ಪಾತ್ರಮುದ್ರೆ ಎರಡನ್ನೂ ಬೇರ್ಪಡಿಸಿ ನೋಡಲು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಅನೈಚ್ಛಿಕ ಚೇಷ್ಟೆ. ಪಾತ್ರವು ಮರೆಮಾಡಲು ಬಯಸುವ ಕಳವಳ ಇದರಲ್ಲಿ ಹೊರಬೀಳುತ್ತದೆ. ಎಡ್ವರ್ಡ್ ಡಿಮಿಟ್ರಿಕ್ ನಿರ್ದೇಶನದ ‘ದಿ ಕೇನ್ ಮ್ಯೂಟಿನಿ’ (1954) ಚಿತ್ರದಲ್ಲಿ ಹಂಫ್ರಿ ಬೊಗಾರ್ಟ್ ನಟಿಸಿದ ಕ್ಯಾಪ್ಟನ್ ಕ್ವೀಗ್ ಕಳವಳಗೊಂಡಾಗಲೆಲ್ಲ ಅಂಗೈಯಲ್ಲಿ ಉಕ್ಕಿನ ಗುಂಡುಗಳನ್ನು ಉರುಳಿಸುತ್ತಾನೆ. ಸೇನಾ ನ್ಯಾಯಾಲಯದಲ್ಲಿ ಮಾತು ಅಂಕೆ ತಪ್ಪುವಾಗ ಆ ಗುಂಡುಗಳು ಮತ್ತೆ ಕೈಗೆ ಬರುತ್ತವೆ. ಅವನ ಸಮರ್ಥನೆಗಿಂತ ಅವನ ಕೈ ಹೆಚ್ಚು ಹೇಳಿಬಿಡುತ್ತದೆ.

ಈ ಮೂರು ಬಗೆಗಳ ನಡುವೆ ಗೋಡೆಯಿಲ್ಲ. ಗೊದಾರನ ‘ಬ್ರೆತ್‌ಲೆಸ್’ (1960) ಚಿತ್ರದ ನಾಯಕ ಬೊಗಾರ್ಟ್‌ನನ್ನು ಅನುಕರಿಸುತ್ತ ಹೆಬ್ಬೆರಳಿನಿಂದ ತುಟಿ ಸವರಿಕೊಳ್ಳುತ್ತಾನೆ. ಒಬ್ಬ ತಾರೆಯಿಂದ ಎರವಲು ತಂದದ್ದು ಅವನ ಪಾತ್ರಮುದ್ರೆಯಾಗುತ್ತದೆ. ಅವನು ಸತ್ತ ಬಳಿಕ ಅವನನ್ನು ಹಿಡಿದುಕೊಟ್ಟ ಹುಡುಗಿಯೇ ಅದೇ ಚೇಷ್ಟೆಯನ್ನು ಮಾಡುತ್ತಾಳೆ. ಚೇಷ್ಟೆ ಒಂದು ದೇಹದಿಂದ ಇನ್ನೊಂದಕ್ಕೆ ದಾಟಿದಾಗ ಹೊಸ ಅರ್ಥ ಪಡೆಯುವುದನ್ನು ಇಲ್ಲಿ ಗಮನಿಸಬಹುದು.

3. ಮಗುವಿನ ಕಣ್ಣು: ‘ಘಟಶ್ರಾದ್ಧ’

ಅನಂತಮೂರ್ತಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ಘಟಶ್ರಾದ್ಧ’ (1977) ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅಗ್ರಹಾರದ ವೇದಪಾಠಶಾಲೆಗೆ ಬಂದು ಸೇರುವ ಬಾಲಕ ನಾಣಿ, ಉಪಾಧ್ಯಾಯ ಉಡುಪರ ವಿಧವೆ ಮಗಳು ಯಮುನಾ ಇವರಿಬ್ಬರ ಸಂಬಂಧ ಚಿತ್ರದ ತಿರುಳು. ಯಮುನಾ ಗರ್ಭಿಣಿ ಎಂಬ ಸಂಗತಿಯನ್ನು ಯಾರೂ ನಾಣಿಗೆ ವಿವರಿಸಿ ಹೇಳುವುದಿಲ್ಲ. ಹೇಳಿದರೂ ಅರ್ಥವಾಗುವ ವಯಸ್ಸು ಅವನದಲ್ಲ. ಆದ್ದರಿಂದ ಅವನು ಮಾತನ್ನು ಬಿಟ್ಟು ಮೈಯನ್ನು ಓದುತ್ತಾನೆ. ಅವಳು ಮೌನವಾಗುವುದು, ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಹೊರಡುವುದು, ಕೊನೆಗೆ ಸಾವನ್ನು ಬಯಸಿ ಹಾವಿನ ಹುತ್ತದೊಳಗೆ ಕೈಯಿಡುವುದು ಇವು ಬಾಲಕನಿಗೆ ಬಿಡಿಸಲಾಗದ ಒಗಟುಗಳು. ಪ್ರೇಕ್ಷಕನಿಗೆ ಅರ್ಥ ತಿಳಿದಿದೆ. ನಾಣಿಗೆ ತಿಳಿದಿರುವುದು ಅವಳು ನೋಯುತ್ತಿದ್ದಾಳೆ ಎಂಬುದಷ್ಟೆ.

ಅಗ್ರಹಾರವೂ ಯಮುನಾಳ ಮೈಯನ್ನೇ ಓದುತ್ತದೆ, ಆದರೆ ತಪ್ಪಿತಸ್ಥಳನ್ನು ಹಿಡಿಯುವುದಕ್ಕಾಗಿ. ಆ ಓದಿನ ಪರಿಣಾಮವಾಗಿ ಬದುಕಿರುವ ಮಗಳಿಗೆ ತಂದೆಯೇ ಘಟಶ್ರಾದ್ಧ ಮಾಡುತ್ತಾನೆ. ಅವಳ ತಲೆ ಬೋಳಿಸಿ ಬಹಿಷ್ಕರಿಸಲಾಗುತ್ತದೆ. ಒಂದೇ ದೇಹವನ್ನು ಬಾಲಕ ಅನುಕಂಪದಿಂದಲೂ ಸಮುದಾಯ ಸಂಶಯದಿಂದಲೂ ನೋಡುವ ಈ ವೈದೃಶ್ಯವೇ ಚಿತ್ರದ ನೈತಿಕ ನೆಲೆ. ಈ ಚಿತ್ರದಲ್ಲಿ ಚೇಷ್ಟೆ ಕೇವಲ ಪಾತ್ರದ ಲಕ್ಷಣವಾಗಿರದೆ ನೋಡುವವನ ಲಕ್ಷಣವೂ ಆಗಿದೆ.

4. ಕಚೇರಿ ಕಲಿಸಿದ ನಿಲುವು: ‘ತಬರನ ಕಥೆ’

ಪೂರ್ಣಚಂದ್ರ ತೇಜಸ್ವಿಯವರ ಕತೆಯನ್ನು ಆಧರಿಸಿದ ಕಾಸರವಳ್ಳಿಯವರ ‘ತಬರನ ಕಥೆ’ (1986) ಚಿತ್ರದಲ್ಲಿ ತಬರಸೆಟ್ಟಿಯಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ದೊರೆಯಿತು. ನಿವೃತ್ತ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಇದರ ವಸ್ತು. ಕಾಗದಪತ್ರ ಹಿಡಿದು ಮೇಜಿನ ಮುಂದೆ ಕಾದು ನಿಲ್ಲುವ ನಿಲುವು ಹುಟ್ಟಿನಿಂದ ಬಂದದ್ದಲ್ಲ. ದೀರ್ಘಕಾಲದ ಸೇವೆ ಮತ್ತು ಅದಕ್ಕಿಂತ ದೀರ್ಘವಾದ ಕಾಯುವಿಕೆ ಅವನ ಮೈಗೆ ಕಲಿಸಿದ್ದು. ಜರ್ಮನಿಯ ನಾಟಕಕಾರ ಬ್ರೆಕ್ಟ್ ‘ಗೆಸ್ಟುಸ್’ ಎಂದು ಕರೆದದ್ದು ಇಂತಹ ನಿಲುವನ್ನೇ. ವ್ಯಕ್ತಿಯ ಭಾವಕ್ಕಿಂತ ಮಿಗಿಲಾಗಿ ಜನರ ನಡುವಿನ ಸಾಮಾಜಿಕ ಸಂಬಂಧ ಅದರಲ್ಲಿ ಕಾಣುತ್ತದೆ. ಮೇಜಿನ ಆಚೆ ಕುಳಿತವನ ನಿರಾಳತೆ, ಈಚೆ ನಿಂತವನ ಕುಗ್ಗುವಿಕೆ ಇವೆರಡೂ ಸೇರಿದರೆ ಆಡಳಿತ ಯಂತ್ರದ ಪೂರ್ಣಚಿತ್ರ ಸಿಗುತ್ತದೆ. ಕೊನೆಗೆ ತಬರನ ಬುದ್ಧಿ ಕದಡಿದಾಗ ಆ ವಿನಯದ ನಿಲುವೂ ಒಡೆಯುತ್ತದೆ. ಅಲ್ಲಿಯವರೆಗೆ ಅದನ್ನು ಅವನ ಸ್ವಭಾವವೆಂದು ಭಾವಿಸಿದ್ದ ಪ್ರೇಕ್ಷಕ ತನ್ನ ಓದನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ ‘ದ್ವೀಪ’ (2002) ಚಿತ್ರದ ನಾಗಿಯನ್ನು ಇರಿಸಿ ನೋಡಬಹುದು. ಅಣೆಕಟ್ಟಿನ ನೀರು ಏರಿ ಸುತ್ತಲ ನೆಲ ಮುಳುಗುತ್ತಿರುವಾಗ ಸೌಂದರ್ಯ ನಟಿಸಿದ ನಾಗಿ ದುಡಿಮೆಯಿಂದ ಸಂಸಾರವನ್ನು ಹಿಡಿದು ನಿಲ್ಲಿಸುತ್ತಾಳೆ. ಆತಂಕ ಅವಳಿಗೂ ಉಂಟು, ಆದರೆ ಅದು ಕೆಲಸವಾಗಿ ಹರಿದುಹೋಗುತ್ತದೆ. ಹಾಗಿದ್ದರೂ ಸಂಕಟ ಕಳೆದಾಗ ಗಂಡ ಗಣಪ ಅವಳ ಶ್ರಮವನ್ನು ಕಾಣದೆ ಶ್ರೇಯವನ್ನು ದೈವಕ್ಕೆ ಒಪ್ಪಿಸುತ್ತಾನೆ. ಯಮುನಾಳ ದೇಹವನ್ನು ಎಲ್ಲರೂ ನೋಡಿದರು. ನಾಗಿಯ ದೇಹದ ದುಡಿಮೆಯನ್ನು ಮನೆಯವನೇ ನೋಡಲಿಲ್ಲ. ಅತಿಯಾಗಿ ನೋಡುವುದು, ನೋಡದೇ ಇರುವುದು ಎರಡೂ ಅನ್ಯಾಯದ ರೂಪಗಳೇ.

5. ಓದುವವರ ಹೊಣೆ: ‘ಶರಪಂಜರ’

ಚೇಷ್ಟೆಯನ್ನು ಓದುವ ಕ್ರಿಯೆಯನ್ನೇ ವಸ್ತುವಾಗಿಸಿಕೊಂಡ ಕನ್ನಡ ಚಿತ್ರ ‘ಶರಪಂಜರ’ (1971). ಇದು ಶಿವಮೊಗ್ಗ ಸೀಮೆಯ ಕಥನವಲ್ಲವಾದರೂ ಪ್ರಸ್ತುತ ಚರ್ಚೆ ಇದನ್ನು ಬಿಟ್ಟು ಪೂರ್ಣವಾಗದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರದಲ್ಲಿ ಕಲ್ಪನಾ ನಿರ್ವಹಿಸಿದ ಕಾವೇರಿ ಹೆರಿಗೆಯ ಬಳಿಕ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಅವಳು ಗುಣವಾಗಿದ್ದಾಳೆ, ಅವಳನ್ನು ನೋಡುವ ಕಣ್ಣುಗಳು ಗುಣವಾಗಿಲ್ಲ. ಬೇರೆ ಹೆಂಗಸು ಜೋರಾಗಿ ನಕ್ಕರೆ ಅದು ನಗು, ಕಾವೇರಿ ನಕ್ಕರೆ ಅದು ಲಕ್ಷಣ. ಬೇರೆಯವರು ಸಿಟ್ಟಾದರೆ ಅದಕ್ಕೆ ಕಾರಣ ಹುಡುಕುತ್ತಾರೆ, ಅವಳ ಸಿಟ್ಟಿಗೆ ಕಾಯಿಲೆಯೇ ಕಾರಣವೆಂದು ಮೊದಲೇ ತೀರ್ಮಾನವಾಗಿದೆ. ಹೀಗೆ ಕಾಯುವ ಕಣ್ಣುಗಳ ನಡುವೆ ಬದುಕುವವಳ ಕೈ ಸ್ಥಿಮಿತದಲ್ಲಿ ಇರುವುದು ಹೇಗೆ? ಸಂಶಯವೇ ಕಳವಳವನ್ನು ಹುಟ್ಟಿಸುತ್ತದೆ. ಹುಟ್ಟಿದ ಕಳವಳ ಸಂಶಯಕ್ಕೆ ಪುರಾವೆಯಾಗುತ್ತದೆ. ಗಂಡನ ದ್ರೋಹವೂ ಸೇರಿ ಅವಳು ಮತ್ತೆ ಕುಸಿಯುತ್ತಾಳೆ.

ಸೋವಿಯತ್ ನಿರ್ದೇಶಕ ಕುಲೆಶೋವ್‌ನ ಪ್ರಸಿದ್ಧ ಪ್ರಯೋಗವನ್ನು ಇಲ್ಲಿ ನೆನೆಯಬಹುದು. ನಟನೊಬ್ಬನ ಒಂದೇ ಮುಖಚಿತ್ರಿಕೆಯನ್ನು ಬೇರೆ ಬೇರೆ ಚಿತ್ರಿಕೆಗಳ ಪಕ್ಕದಲ್ಲಿ ಜೋಡಿಸಿದಾಗ, ಸಾರಿನ ಬಟ್ಟಲಿನ ಪಕ್ಕದಲ್ಲಿ ಹಸಿವು, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖ ಕಂಡಿತು. ಮುಖ ಬದಲಾಗಿರಲಿಲ್ಲ. ಕಾವೇರಿಯ ಮನೆಯವರು ಮಾಡಿದ್ದೂ ಇದನ್ನೇ. ಅವಳ ಪ್ರತಿಯೊಂದು ಚಲನೆಯ ಪಕ್ಕದಲ್ಲೂ ಅವರು ಆಸ್ಪತ್ರೆಯ ಚಿತ್ರವನ್ನು ಇರಿಸಿದರು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಚಲನಚಿತ್ರದ ಅಂಗಚೇಷ್ಟೆಯನ್ನು ವಿಶ್ಲೇಷಿಸುವಾಗ ಅದು ನಟನದೋ, ಪಾತ್ರದ್ದೋ, ಪಾತ್ರವೇ ಅರಿಯದ್ದೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಚೇಷ್ಟೆ ಎಲ್ಲಿ ಮರುಕಳಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗುರುತಿಸಬೇಕು. ತಬರನಲ್ಲಿ ಕಂಡಂತೆ, ರೂಢಿಯಾದ ನಿಲುವು ಒಡೆಯುವ ಕ್ಷಣವೇ ಹೆಚ್ಚು ಅರ್ಥಪೂರ್ಣ. ಚಿತ್ರದೊಳಗೆ ಆ ಚೇಷ್ಟೆಯನ್ನು ನೋಡುತ್ತಿರುವವರು ಯಾರು, ಅವರ ಕೈಯಲ್ಲಿರುವ ಅಧಿಕಾರ ಯಾವುದು ಎಂಬ ಪ್ರಶ್ನೆಯನ್ನೂ ಕೇಳಬೇಕು.

ಆರಂಭದಲ್ಲಿ ಉಲ್ಲೇಖಿಸಿದ ಗಾದೆಯನ್ನು ಈ ಬೆಳಕಿನಲ್ಲಿ ಮರುಪರಿಶೀಲಿಸುವುದು ಅಗತ್ಯ. ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳ ಎಂದು ಗಾದೆ ತೀರ್ಪು ಕೊಡುತ್ತದೆ. ಆದರೆ ಊರೆಲ್ಲ ತನ್ನ ಹೆಗಲನ್ನೇ ನೋಡುತ್ತಿರುವಾಗ ಕದಿಯದವನೂ ಒಮ್ಮೆ ಹೆಗಲು ಮುಟ್ಟಿಕೊಂಡಾನು. ಯಮುನಾ, ತಬರ, ಕಾವೇರಿಯರ ಪಾತ್ರಗಳು ಕನ್ನಡ ಪ್ರೇಕ್ಷಕನಿಗೆ ನೆನಪಿಸುವುದು ಈ ಸಾಧ್ಯತೆಯನ್ನು. ಅಂಗಚೇಷ್ಟೆ ಅಪರಾಧಕ್ಕೆ ಪುರಾವೆಯಲ್ಲ. ಒಬ್ಬ ಮನುಷ್ಯ ಎಷ್ಟು ಭಾರ ಹೊತ್ತಿದ್ದಾನೆ ಎಂಬುದರ ಸೂಚನೆ ಮಾತ್ರ. ಆ ಭಾರವನ್ನು ಹೇರಿದವರು ಯಾರು ಎಂದು ಕೇಳುವವರೆಗೆ ಓದು ಮುಗಿಯುವುದಿಲ್ಲ.