ಪರವಾನಗಿ ಮುಗಿಯುವ ಮುನ್ನ
ಅಮೆರಿಕದ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಕಟ್ಟಡ ಕೆಲಸ ನಡೆಸುತ್ತಿರುವ ಗೆಳೆಯರೇ, ಒಂದು ಎಕರೆ ಅಥವಾ ಹೆಚ್ಚು ನೆಲ ಅಗೆಯುವವರಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಕೊಟ್ಟಿರುವ ಮಳೆನೀರು ಪರವಾನಗಿಯ ಅವಧಿ 2027ರ ಫೆಬ್ರವರಿ 16ಕ್ಕೆ ಮುಗಿಯುತ್ತದೆ. ಹಳೆಯ ಪರವಾನಗಿ ನಂಬರೇ ಸಾಕೆಂದು ಕೂರಬೇಡಿ. ಕಳೆದ ಸಲ, 2022ರಲ್ಲಿ, ನಡೆಯುತ್ತಿದ್ದ ಕೆಲಸಗಳಿಗೂ ಹೊಸ ಪರವಾನಗಿ ಜಾರಿಯಾದ 90 ದಿನದೊಳಗೆ ಹೊಸ ಅರ್ಜಿ ಹಾಕಬೇಕಿತ್ತು.

ಅರ್ಜಿಗಿಂತ ಮೊದಲು ಸೈಟಿನ ಮಳೆನೀರು ಯೋಜನೆಯ ಕಡತ ತಿದ್ದಿಡಿ. ನಕ್ಷೆಯಲ್ಲಿ ಹೂಳುಗುಂಡಿ ಪಶ್ಚಿಮದ ಮೂಲೆಯಲ್ಲಿದ್ದು, ನಿಜಕ್ಕೂ ಅದು ಗೇಟಿನ ಬಳಿ ಇದ್ದರೆ ಆ ಕಾಗದ ಯಾವ ಕೆಲಸಕ್ಕೂ ಬಾರದು. ಮಣ್ಣು ತಡೆಯುವ ಬಟ್ಟೆಬೇಲಿಯ ಬುಡ ಕಿತ್ತುಬಂದಿದೆಯೇ ನೋಡಿ. ಹೂಳು ಬೇಲಿಯ ಅರ್ಧ ಎತ್ತರ ಮುಟ್ಟುವ ಮೊದಲೇ ತೆಗೆಸಿ. ಕೆಸರು ತೊರೆಗಿಳಿದರೆ ಮೀನಿನ ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ, ದಯವಿಟ್ಟು ಅಸಡ್ಡೆ ಬೇಡ. ಕೆಲಸ ಮುಗಿದು ನೆಲವೆಲ್ಲ ಹುಲ್ಲು ಹಿಡಿದಿದ್ದರೆ ನವೀಕರಣವೇ ಬೇಕಿಲ್ಲ, ಮುಕ್ತಾಯದ ನೋಟಿಸ್ ಸಲ್ಲಿಸಿಬಿಡಿ.