ಕೊಡದ ಲೆಕ್ಕ

ಮಗಳೇ,

ಟ್ಯಾಂಕರ್ ಬರಲಿಲ್ಲ ಎಂದು ನೀನು ಗೊಣಗಿದ್ದಕ್ಕೆ ನಿಮ್ಮಪ್ಪ, "ಆಫ್ರಿಕಾದಲ್ಲಿ ಮಕ್ಕಳು ಮೈಲುಗಟ್ಟಲೆ ನಡೆದು ನೀರು ತರುತ್ತವೆ, ನಿನಗೇನು ಧಾಡಿ?" ಎಂದು ಗದರಿದನಂತೆ. ಅವನು ಹೇಳಿದ್ದು ಸುಳ್ಳಲ್ಲ, ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಸಾಲ ಮಾಡಿ ಕೊಂಡ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬುಸ್ ಎಂದು ಬರೀ ಗಾಳಿ ಬಂದಾಗ ಸಿಟ್ಟು ಬರಲೇಬೇಕು. ಇನ್ನೊಬ್ಬರ ಕಷ್ಟ ತೋರಿಸಿ ನಿನ್ನ ಬಾಯಿ ಮುಚ್ಚಿಸಿದರೆ ಅವರಿಗೂ ನೀರು ಸಿಗುವುದಿಲ್ಲ, ನಿನಗೂ ಸಿಗುವುದಿಲ್ಲ. ಸಿಟ್ಟು ಇರಲಿ. ಅದರ ಜೊತೆಗೆ ಕೈಯಲ್ಲೊಂದು ಅಳತೆಯೂ ಇರಲಿ ಎನ್ನುತ್ತೇನೆ, ಅಷ್ಟೆ.

ಲೀಟರಿನ ಲೆಕ್ಕ ತಲೆಗೆ ಹತ್ತುವುದಿಲ್ಲ, ಕೊಡದಲ್ಲಿ ಅಳೆ. ಮಾಮೂಲಿ ಪ್ಲಾಸ್ಟಿಕ್ ಕೊಡಕ್ಕೆ ಹೆಚ್ಚುಕಡಿಮೆ 15 ಲೀಟರ್ ಹಿಡಿಯುತ್ತದೆ. ಒಳಚರಂಡಿ ಇರುವ ನಗರಕ್ಕೆ ಯೋಜನೆ ಹಾಕುವಾಗ ಸರ್ಕಾರ ತಲಾ ದಿನಕ್ಕೆ 135 ಲೀಟರ್ ಹಿಡಿಯುತ್ತದೆ, ಅಂದರೆ ಒಂಬತ್ತು ಕೊಡ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯವರಿಗೆ ಇಟ್ಟದ್ದು ಕನಿಷ್ಠ 55 ಲೀಟರ್, ನಾಲ್ಕು ಕೊಡಕ್ಕೂ ಕಮ್ಮಿ. ಹಳ್ಳಿಯವರ ಮೈಗೆ ಕೊಳೆ ಕಡಿಮೆ ಅಂಟುತ್ತದೋ ಏನೋ! ಇನ್ನು ಬೆಂಗಳೂರಿನ ನಿಮ್ಮ ಮನೆಯ ಹಳೇ ಫ್ಲಶ್ ಟ್ಯಾಂಕು: ಒಂದು ಸಲ ಒತ್ತಿದರೆ 10 ಲೀಟರ್ ಹತ್ತಿರ ಹೋಗುತ್ತದೆ. ಆ ನೀರು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬಂದ ನೀರೂ ಇದ್ದೀತು. ಸಿಂಬೆ ಇಟ್ಟು ತಲೆಯ ಮೇಲೆ ಹೊತ್ತು ತಂದವರಿಗೆ ಆ ಫ್ಲಶ್ ಒತ್ತಲು ಕೈ ಬರುವುದಿಲ್ಲ.

ದಕ್ಷಿಣ ಆಫ್ರಿಕಾದ ಕೇಪ್ ಟೌನಿನ ಕಥೆ ನಿನಗೆ ಗೊತ್ತಿರಬೇಕು. 2018ರ ಫೆಬ್ರವರಿಯಿಂದ ಅಲ್ಲಿ ತಲಾ ದಿನಕ್ಕೆ 50 ಲೀಟರ್ ಎಂದು ಕಟ್ಟು ಮಾಡಿದರು. ಜಲಾಶಯ ಇನ್ನೂ ಇಳಿದರೆ ನಲ್ಲಿ ಬಂದ್, ಸರದಿಯಲ್ಲಿ ನಿಂತು ತಲಾ 25 ಲೀಟರ್ ಒಯ್ಯಬೇಕು ಎಂದೂ ಸಿದ್ಧವಾಗಿದ್ದರು. ನಲ್ಲಿ ನಿಲ್ಲುವ ಆ ದಿನದ, 'ಡೇ ಝೀರೋ'ದ, ಸುದ್ದಿಯನ್ನು ಜಗತ್ತೆಲ್ಲ ಓದಿತು. ಆದರೆ ಆ ಊರಿನ ತಗಡಿನ ಮನೆಗಳ ಬಡಾವಣೆಯವರು ಅದಕ್ಕೂ ಎಷ್ಟೋ ಮುಂಚಿನಿಂದ ಬೀದಿ ನಲ್ಲಿಯ ಮುಂದೆ ಸರದಿ ನಿಂತವರೇ. ಈಜುಕೊಳ ಇದ್ದವರು ಹೆದರಿದ ಮೇಲೆ ಅದು ಸುದ್ದಿಯಾಯಿತು. ನಮ್ಮಲ್ಲೂ ಹೀಗೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು, ಅಪಾರ್ಟ್‌ಮೆಂಟಿನ ಸಂಪು ಖಾಲಿಯಾದದ್ದು ಟೀವಿಯಲ್ಲಿ ಬಂತು. ಪಾವಗಡದ ಕಡೆಯವಳು ನಾನು. ನಮ್ಮ ಸೀಮೆಯಲ್ಲಿ ನೀರು ಸಿಕ್ಕರೂ ಫ್ಲೋರೈಡಿನದು. ಅದನ್ನೇ ಕುಡಿದು ಹಲ್ಲು ಕಂದಾದವರು, ಮೂಳೆ ಸೆಟೆದವರು ಇದ್ದಾರೆ. ಅದು ಎಂದೂ ದೊಡ್ಡ ಸುದ್ದಿಯಾಗಲಿಲ್ಲ.

ಕೊಡದ ಲೆಕ್ಕ ಆದಮೇಲೆ ಹೊತ್ತಿನ ಲೆಕ್ಕ ಹಾಕು. ನನಗೆ ಇದೇ ಹೆಚ್ಚು ಮುಖ್ಯ. ನೀರು ಮನುಷ್ಯರ ಹಕ್ಕು ಎಂದು ವಿಶ್ವಸಂಸ್ಥೆ 2010ರಲ್ಲಿ ಒಪ್ಪಿತು. ಆದರೆ ನೀರು ಎಲ್ಲೋ ಇದ್ದರೆ ಸಾಲದು: ಹೋಗಿ, ಸರದಿ ನಿಂತು, ತುಂಬಿಕೊಂಡು ಬರಲು ಅರ್ಧ ಗಂಟೆ ಮೀರಿದರೆ ಅದನ್ನು ಮೂಲಭೂತ ಸೌಕರ್ಯವೆಂದೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಎಣಿಸುವುದಿಲ್ಲ. ಅವರ 2022ರ ಲೆಕ್ಕದಲ್ಲಿ ಆ ಮೂಲಭೂತ ಸೌಕರ್ಯವೂ ಇಲ್ಲದವರು ಸುಮಾರು 70 ಕೋಟಿ. ಮನೆಯಂಗಳದಲ್ಲೇ, ಬೇಕೆಂದಾಗ, ಶುದ್ಧವಾಗಿ ಎಂಬ ಮೂರೂ ಕೂಡಿ ಬರದವರು 220 ಕೋಟಿ. ಟ್ಯಾಂಕರ್ ದಾರಿ ಕಾಯುವ ದಿನ ಆ 'ಬೇಕೆಂದಾಗ' ಎಂಬುದರಲ್ಲಿ ನೀನೂ ಎಡವುತ್ತೀಯ ನೋಡು. ಅವರ ಸಾಲಿನ ಆ ತುದಿಯಲ್ಲಿ ನೀನೂ ಇದ್ದೀಯ, ಹೊರಗೆ ನಿಂತು ಅಯ್ಯೋ ಎನ್ನುವವಳಲ್ಲ.

ಮನೆಯಂಗಳದಲ್ಲಿ ನೀರಿಲ್ಲದ ಹತ್ತು ಮನೆಗಳಲ್ಲಿ ಏಳರಲ್ಲಿ ನೀರು ತರುವ ಕೆಲಸ ಹೆಂಗಸರದು, ಹುಡುಗಿಯರದು. ಇದನ್ನು ನೋಡಲು ಆಫ್ರಿಕಾಗೆ ಹೋಗಬೇಕಿಲ್ಲ. ನಿಮ್ಮನೆಗೆ ಪಾತ್ರೆ ತಿಕ್ಕಲು ಬರುವಾಕೆಯ ಬೀದಿಗೆ ನೀರು ಯಾವಾಗ ಬರುತ್ತದೆ, ಯಾರು ಹಿಡಿದಿಡುತ್ತಾರೆ, ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನು ಯಾರು ಹೊರುತ್ತಾರೆ, ಒಂದು ದಿನ ಕೂರಿಸಿ ಕೇಳು. ನೀರು ಬಿಟ್ಟ ಬೆಳಿಗ್ಗೆ ಆಕೆ ತಡವಾಗಿ ಬಂದರೆ ಮುಖ ಗಂಟು ಹಾಕಬೇಡ. ನಿಮ್ಮ ಪಾತ್ರೆಗೆ ಸುರಿಯುವ ನೀರು ಆಕೆಯ ಮನೆಯ ದಿನದ ಪಾಲಿಗಿಂತ ಹೆಚ್ಚೇ ಇರಬಹುದು. ನಿಮ್ಮ ಕಡೆಯಿಂದ ಉಳಿಸುವ ದಾರಿಯೂ ಇದೆ: ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿದರೆ ನೆಲ ಒರೆಸಲು ಬರುತ್ತದೆ. ಇಂಥವು ನಿನಗೆ ಗೊತ್ತಿರುವುದೇ, ಉದ್ದ ಹೇಳುವುದಿಲ್ಲ.

ಸಿಟ್ಟನ್ನು ಟ್ಯಾಂಕರ್ ಡ್ರೈವರ್ ಮೇಲೆ ಖರ್ಚು ಮಾಡಬೇಡ, ಅಪಾರ್ಟ್‌ಮೆಂಟಿನ ಸಭೆಗೆ ಉಳಿಸಿಕೋ. ನೀರಿನ ಬಿಲ್ಲನ್ನು ಎಲ್ಲ ಮನೆಗೂ ಸಮನಾಗಿ ಹಂಚುತ್ತಾರೆ ಎಂದೆಯಲ್ಲ; ಹಾಗಾದರೆ ದಿನಾ ಕಾರು ತೊಳೆಸುವವನಿಗೂ, ಬಕೆಟ್ಟಿನಲ್ಲಿ ಮೀಯುವ ಮುದುಕಿಗೂ ಒಂದೇ ರೇಟು. ಮನೆಗೊಂದು ಮೀಟರ್ ಹಾಕಿಸಿ ಎಂದು ಕೇಳು. ಕೆಲವರು ಮುನಿಸಿಕೊಳ್ಳುತ್ತಾರೆ, ಕೊಳ್ಳಲಿ. ಬೆಂಗಳೂರಲ್ಲಿ 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರೆ, ನಮ್ಮ ಇಂಗುಗುಂಡಿ ಎಲ್ಲಿದೆ ತೋರಿಸಿ ಎನ್ನು. ಕಾಗದದಲ್ಲಿ ತೋರಿಸಿದರೆ ಒಪ್ಪಬೇಡ, ಮುಚ್ಚಳ ತೆಗೆಸಿ ಒಳಗೆ ಬಗ್ಗಿ ನೋಡು. ಹೂಳು ತುಂಬಿದ್ದರೆ ಮುಂಗಾರು ಶುರುವಾಗುವುದರೊಳಗೆ ಎತ್ತಿಸಿ. ಕೂಲಿಯ ದುಡ್ಡು ಒಂದೆರಡು ಟ್ಯಾಂಕರಿನ ಬಾಬ್ತಿನಲ್ಲೇ ಹುಟ್ಟೀತು.